ಬಾಪು ಯಾಕೆ ನಡೆಯುತ್ತಿದ್ದರು?

ಪುಣೆಯಲ್ಲಿ ಖರಾಡಿ, ವಿಮಾನ ನಗರದ ಕಡೆ ಐಟಿ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ನಗರ ರಸ್ತೆಯ ಆಗಾ ಖಾನ್ ಅರಮನೆ ಹೊಸದಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಎಷ್ಟೋ ಸಲ ಅದರ ಆಸುಪಾಸಿನಲ್ಲೇ ನಿಂತಿರುತ್ತೇವೆ. ಊರಿಂದ ನೆಂಟರು ಬಂದಾಗ ಶನಿವಾರವಾಡ, ದಗಡೂಶೇಠ್ ಗಣಪತಿ ಮುಗಿದ ಮೇಲೆ ಹೊತ್ತು ಉಳಿದರೆ ಅಲ್ಲಿಗೂ ಕರೆದುಕೊಂಡು ಹೋಗುತ್ತೇವೆ. 1942ರ ಆಗಸ್ಟ್‌ನಿಂದ 1944ರ ಮೇ ತಿಂಗಳವರೆಗೆ ಬ್ರಿಟಿಷರು ಗಾಂಧೀಜಿಯನ್ನು ಸೆರೆಯಲ್ಲಿಟ್ಟಿದ್ದ ಜಾಗ ಅದು. ಆವರಣದ ಒಂದು ಮೂಲೆಯಲ್ಲಿ ಎರಡು ಸಮಾಧಿಗಳಿವೆ. ಒಂದು ಮಹಾದೇವ ದೇಸಾಯಿಯವರದು, ಇನ್ನೊಂದು ಕಸ್ತೂರಬಾ ಅವರದು. ಎಪ್ಪತ್ತು ದಾಟಿದ ಗಾಂಧೀಜಿ ಆ ದಿನಗಳಲ್ಲಿ ಅಲ್ಲಿಗೆ ನಡೆದುಹೋಗಿ ಹೂವಿಟ್ಟು ಬರುತ್ತಿದ್ದರು.

ಗಾಂಧೀಜಿ ನಡೆಯುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಹಳೆಯ 500 ರೂಪಾಯಿ ನೋಟಿನ ಹಿಂಬದಿಯಲ್ಲಿ ದಂಡಿಯಾತ್ರೆಯ ಚಿತ್ರವೇ ಇತ್ತು. ಆದರೆ ಅವರು ಯಾಕೆ ನಡೆಯುತ್ತಿದ್ದರು, ಅರವತ್ತಾದ ಮೇಲೆ, ಎಪ್ಪತ್ತಾದ ಮೇಲೆ, ರಕ್ತದೊತ್ತಡ ಏರಿ ವೈದ್ಯರು ಮಲಗಿ ಎಂದ ಮೇಲೂ ಯಾಕೆ ಎದ್ದು ಹೊರಡುತ್ತಿದ್ದರು ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ನಾನು ಇತಿಹಾಸ ಓದಿದವನಲ್ಲ. ಎಂಟೆಕ್ ಮುಗಿಸಿ ಹತ್ತು ವರ್ಷದಿಂದ ಇಲ್ಲಿ ಸಾಫ್ಟ್‌ವೇರ್ ಬರೆಯುತ್ತಿರುವವನು. ಈ ಪ್ರಶ್ನೆ ನನಗೆ ಮುಖ್ಯವಾದದ್ದು ನಮ್ಮ ಅಪಾರ್ಟ್‌ಮೆಂಟಿನ ಹಿರಿಯರನ್ನು ನೋಡಿ.

ಗದಗ, ವಿಜಯಪುರ, ಕಲಬುರಗಿ, ದಾವಣಗೆರೆಯಿಂದ ಮಕ್ಕಳ ಮನೆಗೆ ಬಂದು ನೆಲೆಸಿದ ಹತ್ತಾರು ಹಿರಿಯರು ನಮ್ಮ ಸೊಸೈಟಿಯಲ್ಲಿದ್ದಾರೆ. ನನ್ನ ಅಪ್ಪನೂ ಅವರಲ್ಲೊಬ್ಬರು. ಊರಲ್ಲಿದ್ದಾಗ ಇವರಿಗೆ ಯಾರೂ ವಾಕಿಂಗ್ ಮಾಡಿ ಎಂದು ಹೇಳಬೇಕಾಗಿರಲಿಲ್ಲ. ಹೊಲಕ್ಕೆ, ಸಂತೆಗೆ, ಗುಡಿಗೆ, ಪೇಪರ್ ಓದಲು ಕಟ್ಟೆಗೆ, ಯಾರದೋ ಮನೆಯ ಸಾವಿಗೆ, ಇನ್ಯಾರದೋ ಮನೆಯ ಸೀಮಂತಕ್ಕೆ ಎಂದು ದಿನವಿಡೀ ಓಡಾಟ. ಇಲ್ಲಿಗೆ ಬಂದ ಮೇಲೆ ಹಾಲು ಬಾಗಿಲಿಗೆ, ತರಕಾರಿ ಬಾಗಿಲಿಗೆ, ಔಷಧಿಯೂ ಬಾಗಿಲಿಗೆ. ಇಳಿಯಲು ಲಿಫ್ಟು. ಇಳಿದು ಹೋಗುವುದಾದರೂ ಎಲ್ಲಿಗೆ? ಮಕ್ಕಳು ನಾವು ಅವರ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಳಸಿ ಓಡಾಡಬೇಕು ಎನ್ನುತ್ತದೆ ಎಂದು ತಿಳಿಸಿ ಹೇಳುತ್ತೇವೆ. ಅವರೂ ಹೂಂ ಎನ್ನುತ್ತಾರೆ. ಗೊತ್ತಿರುವುದಕ್ಕೂ ಎದ್ದು ಹೊರಡುವುದಕ್ಕೂ ನಡುವೆ ಏನೋ ಒಂದು ಬೇಕು. ಅದೇನು ಎಂಬುದು ಗಾಂಧೀಜಿಯ ಬದುಕನ್ನು ಅವರ ಕಾಲಿನ ಕಡೆಯಿಂದ ನೋಡಿದಾಗ ನನಗೆ ಸ್ವಲ್ಪ ಅರ್ಥವಾಯಿತು.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ರಾಜಕೋಟೆಯಲ್ಲಿ ಹೈಸ್ಕೂಲು ಓದುವಾಗ ಅವರಿಗೆ ಆಟ, ವ್ಯಾಯಾಮ ಯಾವುದೂ ಬೇಕಿರಲಿಲ್ಲ. ಬಹಳ ಸಂಕೋಚದ ಹುಡುಗ. ಮುಖ್ಯೋಪಾಧ್ಯಾಯರು ಮೇಲಿನ ತರಗತಿಯವರಿಗೆ ಕ್ರಿಕೆಟ್ಟು, ಕಸರತ್ತು ಕಡ್ಡಾಯ ಮಾಡಿದಾಗ ಈ ಹುಡುಗನಿಗೆ ಅದು ಕಷ್ಟವಾಯಿತು. ಕಾಯಿಲೆ ಬಿದ್ದಿದ್ದ ತಂದೆಯ ಸೇವೆಗೆ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಬೇಕು ಎಂಬುದು ಒಂದು ಕಾರಣವಾಗಿತ್ತು. ಆದರೆ ಬಯಲ ಗಾಳಿಯಲ್ಲಿ ದೂರ ನಡೆಯುವುದು ಒಳ್ಳೆಯದು ಎಂದು ಯಾವುದೋ ಪುಸ್ತಕದಲ್ಲಿ ಓದಿ ಅದೊಂದನ್ನು ರೂಢಿ ಮಾಡಿಕೊಂಡರು. ಮುಂದೆ ಆತ್ಮಕಥೆ ಬರೆಯುವಾಗ ತಮ್ಮ ಮೈ ಸ್ವಲ್ಪ ಗಟ್ಟಿಯಾದದ್ದು ಆ ನಡಿಗೆಯಿಂದ ಎಂದು ನೆನೆದಿದ್ದಾರೆ. ಅಂದರೆ ಜಗತ್ತಿನ ಅತಿ ಪ್ರಸಿದ್ಧ ನಡಿಗೆಗಾರ ಶಾಲೆಯ ಆಟದ ಪಿರಿಯಡ್ ಎಂದರೆ ಹಿಂಜರಿಯುತ್ತಿದ್ದ ಹುಡುಗ. ವ್ಯಾಯಾಮ ಇಷ್ಟವಿಲ್ಲ ಎನ್ನುವ ಅಪ್ಪ ಅಮ್ಮಂದಿರ ಬಗ್ಗೆ ಬೇಸರಿಸುವ ಮೊದಲು ಇದನ್ನು ನೆನಪಿಡಬಹುದು.

1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೋದಾಗ ನಡಿಗೆಗೆ ಬೇರೆ ಕಾರಣ ಸಿಕ್ಕಿತು. ಅದು ದುಡ್ಡು. ಅಣ್ಣ ಸಾಲ ಸೋಲ ಮಾಡಿ ಕಳಿಸುತ್ತಿದ್ದ ಹಣ. ಖರ್ಚಿನ ಲೆಕ್ಕವನ್ನು ಪೈಸೆ ಪೈಸೆ ಬರೆದಿಡುತ್ತಿದ್ದ ಮೋಹನದಾಸರಿಗೆ ಬಾಡಿಗೆ ಗಾಡಿಗೆ ಎಷ್ಟು ಹೋಗುತ್ತಿದೆ ಎಂದು ಕಾಣಿಸಿತು. ಕೆಲಸದ ಜಾಗಗಳಿಗೆ ಅರ್ಧ ಗಂಟೆಯಲ್ಲಿ ನಡೆದು ಹೋಗಬಹುದಾದ ಕಡೆ ಕೋಣೆ ಹಿಡಿದರು. ಗಾಡಿ ಖರ್ಚು ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯಾಯಿತು. ಹೊರನಾಡಿನಲ್ಲಿ ಮೊದಲ ಸಂಬಳದ ಹೊತ್ತಿಗೆ ಆಟೋ ಬಾಡಿಗೆ ಲೆಕ್ಕ ಹಾಕಿ ಆಫೀಸಿನ ಹತ್ತಿರವೇ ಪಿ.ಜಿ. ಹುಡುಕಿದ ನಮ್ಮಲ್ಲಿ ಅನೇಕರಿಗೆ ಈ ಯುವಕ ಪರಿಚಿತ ಎನಿಸಬಹುದು. ಇಂಗ್ಲೆಂಡಿನಲ್ಲಿದ್ದಷ್ಟು ದಿನ ಹೆಚ್ಚು ಕಾಯಿಲೆ ಬೀಳದಿರಲು ಈ ನಡಿಗೆಯೇ ಮುಖ್ಯ ಕಾರಣ ಎಂದು ಅವರು ನಂಬಿದ್ದರು.

ದಕ್ಷಿಣ ಆಫ್ರಿಕಾದಲ್ಲಿ ಕಾರಣ ಮತ್ತೆ ಬದಲಾಯಿತು. 1910ರಲ್ಲಿ ಗೆಳೆಯ ಹರ್ಮನ್ ಕಾಲೆನ್‌ಬಾಕ್ ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ 1,100 ಎಕರೆ ಜಮೀನು ಕೊಟ್ಟರು. ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ಸೇರಿ ಬದುಕಿದವು. ಅದೇ ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಒಂದು ನಿಯಮವಿತ್ತು. ಆಶ್ರಮದ ಕೆಲಸಕ್ಕಾದರೆ ರೈಲಿನ ಮೂರನೇ ದರ್ಜೆಯಲ್ಲಿ ಹೋಗಬಹುದು, ಸ್ವಂತ ಕೆಲಸಕ್ಕೆ ಪೇಟೆಗೆ ಹೋಗುವವರು ನಡೆದೇ ಹೋಗಬೇಕು. ರಾತ್ರಿ ಎರಡು ಗಂಟೆಗೆ ಎದ್ದು, ಎರಡೂವರೆಗೆ ಹೊರಟರೆ ಆರೇಳು ಗಂಟೆಯಲ್ಲಿ ಪೇಟೆ. ಮನೆಯಲ್ಲೇ ಬೀಸಿದ ಹಿಟ್ಟಿನ ರೊಟ್ಟಿ ಬುತ್ತಿಗೆ. ಇದು ಅವರಿಗೆ ಶಿಕ್ಷೆ ಎನಿಸಲಿಲ್ಲ. ಯಾರು ಬೇಗ ತಲುಪುತ್ತಾರೆ ಎಂಬ ಪಂದ್ಯವೇ ಶುರುವಾಗಿ, ಅತಿ ಕಡಿಮೆ ಹೊತ್ತು ನಾಲ್ಕು ಗಂಟೆ ಹದಿನೆಂಟು ನಿಮಿಷ ಎಂಬ ದಾಖಲೆಯೂ ಆಯಿತು. 21 ಮೈಲಿ ಎಂದರೆ ಸುಮಾರು 34 ಕಿಲೋಮೀಟರ್. ಗಂಟೆಗೆ ಎಂಟು ಕಿಲೋಮೀಟರಿಗೆ ಹತ್ತಿರದ ವೇಗ. ನಲವತ್ತರ ಗಾಂಧಿ ತಾವೂ ಈ ದಾರಿಯನ್ನು ಎಲ್ಲರಂತೆ ನಡೆದರು. ನಿಯಮ ಎಲ್ಲರಿಗೂ ಒಂದೇ, ಜೊತೆಗೆ ಮಾತಾಡುತ್ತ ಬರುವವರು ಇದ್ದಾರೆ, ಸಣ್ಣದೊಂದು ಆಟವೂ ಇದೆ. ಇಷ್ಟಿದ್ದರೆ 21 ಮೈಲಿಯೂ ಹಗುರವಾಗುತ್ತದೆ ಎಂದು ಆ ಬಯಲು ತೋರಿಸಿಕೊಟ್ಟಿತು.

1913ರ ನವೆಂಬರ್ 6ರಂದು ಅವರು 2,037 ಗಂಡಸರು, 127 ಹೆಂಗಸರು, 57 ಮಕ್ಕಳೊಂದಿಗೆ ಗಡಿ ದಾಟಿ ಟ್ರಾನ್ಸ್‌ವಾಲ್ ಕಡೆಗೆ ಹೆಜ್ಜೆ ಹಾಕಿದರು. ಹೆಚ್ಚಿನವರು ಗಣಿಗಳಲ್ಲಿ ದುಡಿಯುತ್ತಿದ್ದ ಕೂಲಿಗಳು. ಅವರ ಮೇಲೆ ಹೇರಿದ್ದ ಮೂರು ಪೌಂಡ್ ತಲೆಗಂದಾಯದ ವಿರುದ್ಧದ ನಡಿಗೆ ಅದು. ತಮ್ಮನ್ನು ನಂಬಿ ಕೆಲಸ ಬಿಟ್ಟು ಬಂದವರ ಮುಂದೆ ನಾಯಕನಾದವನು ಗಾಡಿಯಲ್ಲಿ ಹೋಗುವುದು ಹೇಗೆ? ನಾಲ್ಕು ದಿನದಲ್ಲಿ ಮೂರು ಸಲ ಅವರನ್ನು ಬಂಧಿಸಿದರು.

ಇಷ್ಟು ಓದಿದರೆ ಅವರದು ಕಬ್ಬಿಣದ ಮೈ ಇರಬೇಕು ಎನಿಸುತ್ತದೆ. ಹಾಗಿರಲಿಲ್ಲ. 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಹೊರಟಾಗ ಹಳ್ಳಿಯವರು ಸಿಟ್ಟಿನಿಂದ ಗಾಡಿಯನ್ನೇ ಕೊಡಲಿಲ್ಲ. ದಿನಕ್ಕೆ ಇಪ್ಪತ್ತು ಮೈಲಿಯಷ್ಟು ನಡೆದರು. ಅದೇ ವರ್ಷ ಆಮಶಂಕೆಯಿಂದ ಮಲಗಿ, ಇನ್ನು ಬದುಕುವುದಿಲ್ಲ ಎಂದು ತಾವೇ ಅಂದುಕೊಳ್ಳುವ ಮಟ್ಟಕ್ಕೆ ಹೋದರು. ಹಾಲು ಕುಡಿಯುವುದಿಲ್ಲ ಎಂಬ ವ್ರತವನ್ನು ಆಡಿನ ಹಾಲಿಗೆ ಸಡಿಲಿಸಿದ್ದು ಆ ಕಾಯಿಲೆಯ ನಂತರ, ಕಸ್ತೂರಬಾ ಅವರ ಮಾತಿನ ಮೇಲೆ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಗಿ ಇಲ್ಲೇ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಪರೇಷನ್ ನಡೆಯುತ್ತಿರುವಾಗ ಕರೆಂಟು ಹೋಗಿ ಲಾಂದ್ರದ ಬೆಳಕಿನಲ್ಲಿ ಮುಗಿಸಿದರು. ಆಗ ಅವರಿಗೆ 54 ವರ್ಷ.

1927ರ ಮಾರ್ಚ್‌ನಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಲಾಪುರದಲ್ಲಿ ರಕ್ತದೊತ್ತಡ ಏರಿ ಕುಸಿದರು. ವಿಶ್ರಾಂತಿಗೆ ಕರೆದುಕೊಂಡು ಬಂದದ್ದು ನಮ್ಮ ನಂದಿಬೆಟ್ಟಕ್ಕೆ. ಏಪ್ರಿಲ್‌ನಿಂದ ಅಲ್ಲಿದ್ದು, ಆಮೇಲೆ ಬೆಂಗಳೂರಿನ ಕುಮಾರಕೃಪಾದಲ್ಲಿ ತಂಗಿ ಚೇತರಿಸಿಕೊಂಡರು. ಮೈ ಸ್ವಲ್ಪ ಸುಧಾರಿಸಿದ್ದೇ ಮೈಸೂರು ಸೀಮೆಯಲ್ಲಿ ಖಾದಿ ಪ್ರವಾಸ ಮತ್ತೆ ಶುರು. ಇಂದು ಭಾನುವಾರ ಬೈಕಿನಲ್ಲಿ ನಂದಿಗೆ ಹೋಗಿ ಸೂರ್ಯೋದಯದ ಫೋಟೋ ತೆಗೆಯುವ ಹುಡುಗರು, 57 ವರ್ಷದ ಒಬ್ಬ ರೋಗಿ ಅದೇ ಬೆಟ್ಟದ ಗಾಳಿಯಲ್ಲಿ ಚೇತರಿಸಿಕೊಂಡು, ಮೂರು ವರ್ಷ ತುಂಬುವುದರೊಳಗೆ ದೇಶವೇ ಎದ್ದು ನಿಲ್ಲುವ ಹಾಗೆ ನಡೆದ ಎಂಬುದನ್ನು ನೆನೆಯಲಿ.

ಆ ನಡಿಗೆಯೇ ದಂಡಿ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ 78 ಜನರ ಜೊತೆ ಹೊರಟಾಗ ಗಾಂಧೀಜಿಗೆ 60 ದಾಟಿತ್ತು. ಆ ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಅತಿ ಕಿರಿಯನಿಗೆ 16. ಗುಂಪಿನಲ್ಲಿ ಒಬ್ಬ ಕನ್ನಡಿಗನೂ ಇದ್ದ, ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ವಯಸ್ಸು 18. ಊರು ಬಿಟ್ಟು ಸಾಬರಮತಿಯಲ್ಲಿ ನೆಲೆಸಿದ್ದ ಆ ಹುಡುಗ ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ದಂಡಿಗೆ 241 ಮೈಲಿ, ಅಂದರೆ ಸುಮಾರು 385 ಕಿಲೋಮೀಟರ್. 24 ದಿನ. ಮುಂಜಾನೆ ಒಂದಿಷ್ಟು, ಸಂಜೆ ಒಂದಿಷ್ಟು. ಸೋಮವಾರ ಮೌನ ಮತ್ತು ವಿಶ್ರಾಂತಿ. ಬೇಕಾದರೆ ಇರಲಿ ಎಂದು ಒಂದು ಕುದುರೆ ಇಟ್ಟಿದ್ದರು, ಅವರು ಏರಲಿಲ್ಲ. ಕಾಲಿಗೆ ಬೊಬ್ಬೆ ಬಂದು, ಜ್ವರ ಬಂದು ಸೋತವರು ಹರೆಯದ ಹುಡುಗರು. ಹಿರಿಯರು ಊರುಗೋಲು ಊರುತ್ತ ಮುಂದೆ ಮುಂದೆ. ರಾತ್ರಿ ತಂಗಿದ ಊರಿನಲ್ಲಿ ನೂಲುವುದೂ, ಪತ್ರ ಬರೆಯುವುದೂ ನಿಲ್ಲಲಿಲ್ಲ.

ಅಹಮದಾಬಾದಿನಿಂದ ಆ ಕರಾವಳಿಯ ಕಡೆಗೆ ರೈಲಿತ್ತು. ರೈಲಿನಲ್ಲಿ ಹೋಗಿದ್ದರೆ ಒಂದು ದಿನದ ಕೆಲಸ. ಆದರೆ ನಡೆದು ಹೋದರೆ ದಾರಿಯ ಪ್ರತಿ ಹಳ್ಳಿಯಲ್ಲೂ ಜನ ಕಾಯುತ್ತಾರೆ, ಸುದ್ದಿ ದಿನದಿನಕ್ಕೂ ಬೆಳೆಯುತ್ತದೆ. ಮೊದಲೇ ಯಾವ ಊರಿಗೆ ಯಾವ ದಿನ ಎಂದು ಗೊತ್ತುಮಾಡಿದ ವೇಳಾಪಟ್ಟಿ ಇತ್ತು. ನಾಳೆ ಸಂಜೆ ಇಂಥ ಊರಿನವರು ದಾರಿಗೆ ನೀರು ಚಿಮುಕಿಸಿ ಕಾಯುತ್ತಿರುತ್ತಾರೆ ಎಂದು ಗೊತ್ತಿದ್ದವರಿಗೆ ಮೊಣಕಾಲು ನೋವು ಮರೆಯುತ್ತದೆಯೋ ಏನೋ. ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು, ಮರುದಿನ ಬೆಳಗ್ಗೆ ಉಪ್ಪು ಹಿಡಿದರು.

ಮರುವರ್ಷ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದಾಗ ಅವರು ಉಳಿದುಕೊಂಡದ್ದು ದೊಡ್ಡ ಹೋಟೆಲಿನಲ್ಲಲ್ಲ, ಈಸ್ಟ್ ಎಂಡ್‌ನ ಕಾರ್ಮಿಕರ ಕೇರಿಯ ಕಿಂಗ್ಸ್‌ಲಿ ಹಾಲ್‌ನಲ್ಲಿ. ಮಧ್ಯರಾತ್ರಿಯವರೆಗೆ ಸಭೆ ಇದ್ದರೂ ನಸುಕಿನಲ್ಲಿ ಆ ಓಣಿಗಳಲ್ಲಿ ನಡಿಗೆ ತಪ್ಪಲಿಲ್ಲ. ಕಾವಲಿಗಿದ್ದ ಇಬ್ಬರು ಸ್ಕಾಟ್‌ಲೆಂಡ್ ಯಾರ್ಡ್ ಪತ್ತೇದಾರರೂ ಚಳಿಯಲ್ಲಿ ಹಿಂದೆ ಹಿಂದೆ ನಡೆಯಬೇಕಾಯಿತು. ಊರಿಗೆ ಮರಳಿದ ಮೇಲೆ ಇಬ್ಬರಿಗೂ ನೆನಪಿಗೆಂದು ಒಂದೊಂದು ಗಡಿಯಾರ ಕಳಿಸಿಕೊಟ್ಟರು. 62ರ ವಯಸ್ಸಿನಲ್ಲಿ ಪರದೇಶದ ಚಳಿಯಲ್ಲಿ ಹೊರಬರಲು ಒಂದು ಕಾರಣ ರೂಢಿ, ಇನ್ನೊಂದು ಆ ಕೇರಿಯ ಜನ. ಬೀದಿಯ ಮಕ್ಕಳಿಗೆ ಅವರು ಗಾಂಧಿ ಅಂಕಲ್ ಆಗಿಬಿಟ್ಟಿದ್ದರು.

1933ರ ನವೆಂಬರ್‌ನಲ್ಲಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತಲು ಹೊರಟು ಒಂಬತ್ತು ತಿಂಗಳಲ್ಲಿ 12,500 ಮೈಲಿ ತಿರುಗಿದರು. ಅದರಲ್ಲಿ ಹೆಚ್ಚಿನ ದಾರಿ ರೈಲು, ಕಾರು. ಆದರೆ 1934ರ ಮೇ ತಿಂಗಳಲ್ಲಿ ಒಡಿಶಾದಲ್ಲಿ, ಬಿಸಿಲು ಸುಡುವ ಹೊತ್ತಿನಲ್ಲಿ, ವಾಹನ ಬಿಟ್ಟು ಕಾಲ್ನಡಿಗೆಗೆ ಇಳಿದರು. ಧರ್ಮದ ಮಾತನ್ನು ಮೋಟಾರಿನ ವೇಗದಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ ಎಂಬುದು ಅವರ ಭಾವನೆಯಾಗಿತ್ತು. 64ರ ಮುದುಕ ಧೂಳಿನಲ್ಲಿ ನಡೆದು ಬಂದರೆ ಕೇರಿಯವರೂ ಊರಿನವರೂ ಒಂದೇ ದಾರಿಯ ಬದಿಯಲ್ಲಿ ನಿಂತು ನೋಡುತ್ತಿದ್ದರು.

1936ರಲ್ಲಿ ವಾರ್ಧಾದ ಬಳಿಯ ಸೇಗಾಂವ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅದೇ ಸೇವಾಗ್ರಾಮ. ಅಲ್ಲಿ ಬೆಳಗ್ಗೆ, ಸಂಜೆಯ ನಡಿಗೆಯ ಹೊತ್ತಿಗೆ ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಭೇಟಿಗೆ ಬಂದವರಿಗೆ ಆ ಹೊತ್ತನ್ನೇ ಕೊಡುತ್ತಿದ್ದರು. ರಾಜಕಾರಣಿ, ಪತ್ರಕರ್ತ, ಮನಸ್ತಾಪ ಮಾಡಿಕೊಂಡ ಆಶ್ರಮವಾಸಿ, ಯಾರಾದರೂ ಸರಿ, ಜೊತೆಗೆ ಹೆಜ್ಜೆ ಹಾಕುತ್ತ ಮಾತಾಡಬೇಕು. ದಾರಿಯಲ್ಲಿ ಕಾಯಿಲೆಯವರ ಗುಡಿಸಲುಗಳಿಗೆ ಹೊಕ್ಕು ವಿಚಾರಿಸುತ್ತಿದ್ದರು. ಕುಷ್ಠರೋಗಿಯಾಗಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳಿಗೆ ತಮ್ಮ ಕೈಯಾರೆ ಎಣ್ಣೆ ತಿಕ್ಕುತ್ತಿದ್ದರು. ನಮ್ಮ ಕ್ಯಾಲೆಂಡರಿನ ಭಾಷೆಯಲ್ಲಿ ಹೇಳುವುದಾದರೆ, ನಡಿಗೆಗೆಂದು ಬೇರೆ ಸ್ಲಾಟ್ ಇರಲಿಲ್ಲ. ಮೀಟಿಂಗು, ಸೇವೆ, ಹರಟೆ ಎಲ್ಲವೂ ಅದರೊಳಗೇ.

ಆ ದಿನಗಳ ಅವರ ಮೈಯ ಲೆಕ್ಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ, 150ನೇ ಜಯಂತಿಯ ಹೊತ್ತಿಗೆ ಹೊರತಂದ ವಿಶೇಷ ಸಂಚಿಕೆಯಲ್ಲಿದೆ. ಎತ್ತರ 165 ಸೆಂಟಿಮೀಟರ್, ತೂಕ 46.7 ಕಿಲೋ. ರಕ್ತದೊತ್ತಡ 1937ರ ಅಕ್ಟೋಬರ್‌ನಲ್ಲಿ 194/130, 1940ರ ಫೆಬ್ರುವರಿಯಲ್ಲಿ 220/110. ಇಂದಿನ ಯಾವ ವೈದ್ಯರೂ ಗಾಬರಿಯಾಗುವ ಅಂಕಿ. 1913ರಿಂದ 1948ರವರೆಗೆ ಚಳವಳಿಗಳ ಓಡಾಟದಲ್ಲಿ ಅವರು ಸುಮಾರು 79,000 ಕಿಲೋಮೀಟರ್ ನಡೆದರು, ಅದು ಭೂಮಿಯನ್ನು ಎರಡು ಸುತ್ತು ಬಂದಷ್ಟು ಎಂದೂ ಅದೇ ಸಂಚಿಕೆ ಹೇಳುತ್ತದೆ. ನಾನು ಭಾಗಿಸಿ ನೋಡಿದೆ. 35 ವರ್ಷಕ್ಕೆ ಹಂಚಿದರೆ ದಿನಕ್ಕೆ ಸರಾಸರಿ ಆರು ಕಿಲೋಮೀಟರ್ ಚಿಲ್ಲರೆ. ಜೈಲು, ಉಪವಾಸ, ಕಾಯಿಲೆಯ ದಿನಗಳನ್ನೂ ಸೇರಿಸಿ.

1937ರ ಡಿಸೆಂಬರ್‌ನಲ್ಲಿ ಅದೇ ರಕ್ತದೊತ್ತಡದ ಕಾರಣಕ್ಕೆ ಮುಂಬಯಿಯ ಜುಹುವಿಗೆ ವಿಶ್ರಾಂತಿಗೆ ಬಂದಿದ್ದರು. ಆಗ ತೆಗೆದ ಒಂದು ಫೋಟೋ ನೀವೆಲ್ಲ ನೋಡಿರುತ್ತೀರಿ. ಸಮುದ್ರದ ದಂಡೆಯಲ್ಲಿ ಪುಟ್ಟ ಮೊಮ್ಮಗ ಕಾನಾ ಊರುಗೋಲಿನ ಒಂದು ತುದಿ ಹಿಡಿದು ಎಳೆಯುತ್ತಿದ್ದಾನೆ, 68ರ ತಾತ ಇನ್ನೊಂದು ತುದಿ ಹಿಡಿದು ಹಿಂದೆ ದಾಪುಗಾಲು ಹಾಕುತ್ತಿದ್ದಾರೆ. ಮುಂಬಯಿಯ ಕನ್ನಡಿಗರು ಭೇಲ್‌ಪುರಿ ತಿನ್ನಲು ಹೋಗುವ ಆ ಮರಳಿನ ಮೇಲೆ ಒಬ್ಬ ರೋಗಿಯನ್ನು ನಡೆಸಿದ್ದು ವೈದ್ಯರ ಚೀಟಿಗಿಂತ ಹೆಚ್ಚಾಗಿ ಆ ಮಗುವಿನ ಕೈ ಇರಬೇಕು.

ಈ ಫೋಟೋದಲ್ಲಿರುವುದನ್ನು ನಾನು ನಮ್ಮ ಮನೆಯಲ್ಲೂ ಕಂಡಿದ್ದೇನೆ. ಅಪ್ಪ ವಾಚನ್ನು ಬೇಡ ಎನ್ನಲಿಲ್ಲ. ಕಟ್ಟಿಕೊಂಡರು, ಟೈಮ್ ನೋಡಿದರು, ಸೋಫಾದಲ್ಲಿ ಕೂತು ಟಿವಿ ಹಾಕಿದರು. ಒಂದು ದಿನ ಕೆಳಗಿನ ಮಹಡಿಯ ಮರಾಠಿ ಆಜೋಬಾ ಬಂದು, ಹತ್ತಿರದ ದತ್ತ ಮಂದಿರದಲ್ಲಿ ಸಂಜೆ ಆರತಿಗೆ ಗಂಟೆ ಬಾರಿಸುವವರು ಒಬ್ಬರು ಬೇಕು, ಬರುತ್ತೀರಾ ಎಂದು ಕೇಳಿದರು. ಅಪ್ಪನಿಗೆ ಮರಾಠಿ ಅಷ್ಟಕ್ಕಷ್ಟೇ, ಅವರಿಗೆ ಕನ್ನಡದ ಗಂಧವಿಲ್ಲ. ಇಬ್ಬರೂ ದತ್ತನ ಭಕ್ತರು, ಗಾಣಗಾಪುರದ ಹೆಸರು ಇಬ್ಬರಿಗೂ ಗೊತ್ತು, ಮಾತು ಶುರುವಾಗಲು ಅಷ್ಟು ಸಾಕಾಯಿತು. ಈಗ ಆರೂಕಾಲಿಗೆ ಅಪ್ಪ ಅಂಗಿ ಹಾಕಿಕೊಂಡು ತಯಾರು. ಹೋಗಿ ಬರುವುದು ಎರಡು ಕಿಲೋಮೀಟರ್. ಮಳೆ ಬಂದರೂ ಛತ್ರಿ ಹಿಡಿದು ಹೋಗುತ್ತಾರೆ, ಏಕೆಂದರೆ ಹೋಗದಿದ್ದರೆ ಗಂಟೆ ಬಾರಿಸುವವರಿಲ್ಲ. ವಾಚಿನ ಚಾರ್ಜು ಮುಗಿದು ವಾರವಾದರೂ ಅವರಿಗೆ ಅದರ ಚಿಂತೆಯಿಲ್ಲ.

ಮತ್ತೆ ಆಗಾ ಖಾನ್ ಅರಮನೆಯ ದಿನಗಳಿಗೆ ಬರೋಣ. 1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಬಂಧಿಸಿ ಗಾಂಧೀಜಿಯನ್ನು ಇಲ್ಲಿಗೆ ತಂದರು. ಒಂದು ವಾರ ತುಂಬುವುದರೊಳಗೆ, ಆಗಸ್ಟ್ 15ರಂದು, 25 ವರ್ಷ ನೆರಳಿನಂತೆ ಜೊತೆಗಿದ್ದ ಕಾರ್ಯದರ್ಶಿ ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ಅರಮನೆಯ ಆವರಣದಲ್ಲೇ ದಹನವಾಯಿತು. ಮಗನಂತಿದ್ದವನ ಮೈಗೆ ಸ್ನಾನ ಮಾಡಿಸಿದ್ದು, ಚಿತೆಗೆ ಬೆಂಕಿಯಿಟ್ಟದ್ದು ಗಾಂಧೀಜಿಯೇ. ಆಮೇಲೆ ಅವರ ನಡಿಗೆಗೆ ಒಂದು ಗುರಿ ಬಂದಿತು. ತೋಟದಲ್ಲಿ ಸುತ್ತು ಹಾಕಿ ಆ ಜಾಗಕ್ಕೆ ಹೋಗುವುದು, ಹೂವಿಡುವುದು, ಪ್ರಾರ್ಥನೆ ಹೇಳಿ ಮರಳುವುದು. 1943ರ ಫೆಬ್ರುವರಿಯ 21 ದಿನದ ಉಪವಾಸದಲ್ಲಿ ಸಾವಿನ ಬಾಗಿಲು ಮುಟ್ಟಿ ಬಂದರು. 1944ರ ಫೆಬ್ರುವರಿ 22ರಂದು ಕಸ್ತೂರಬಾ ಅವರ ತೊಡೆಯ ಮೇಲೆ ಪ್ರಾಣ ಬಿಟ್ಟರು. ಆರು ದಶಕಗಳ ದಾಂಪತ್ಯ ಅಲ್ಲಿಗೆ ಮುಗಿಯಿತು. ಹೂವಿಡಬೇಕಾದ ಜಾಗ ಒಂದಿದ್ದದ್ದು ಎರಡಾಯಿತು. ಸಂಗಾತಿ ಹೋದ ಮೇಲೆ ಹಾಸಿಗೆ ಹಿಡಿಯುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. 74ರ ಗಾಂಧೀಜಿಗೆ ಮಲೇರಿಯಾ ಬಂದು, ಸರ್ಕಾರ ಹೆದರಿ ಮೇ 6ರಂದು ಬಿಡುಗಡೆ ಮಾಡಿತು. ಹೊರಡುವ ಬೆಳಗ್ಗೆಯೂ ಅವರು ಸಮಾಧಿಗಳಿಗೆ ಹೋಗಿ ನಮಸ್ಕರಿಸಿಯೇ ಹೊರಟದ್ದು.

ಎಲ್ಲಕ್ಕಿಂತ ಕಠಿಣ ನಡಿಗೆ ಇನ್ನೂ ಬಾಕಿ ಇತ್ತು. 1946ರ ಅಕ್ಟೋಬರ್‌ನಲ್ಲಿ ಬಂಗಾಳದ ನವಖಾಲಿಯಲ್ಲಿ ಕೋಮುಗಲಭೆ ಆಯಿತು. ಮನೆಗಳು ಸುಟ್ಟವು, ಜನ ಸತ್ತರು, ಊರು ಬಿಟ್ಟು ಓಡಿದರು. ಗಾಂಧೀಜಿ ನವೆಂಬರ್‌ನಲ್ಲಿ ಅಲ್ಲಿಗೆ ಹೋದರು. ಜೊತೆಯವರನ್ನು ಬೇರೆ ಬೇರೆ ಹಳ್ಳಿಗಳಿಗೆ ಕಳಿಸಿ, ತಾವು ಶ್ರೀರಾಮಪುರ ಎಂಬ ಊರಲ್ಲಿ ಕೆಲವೇ ಮಂದಿಯೊಂದಿಗೆ ಉಳಿದರು. ಆ ಸೀಮೆ ತುಂಬ ನೀರು, ಕಾಲುವೆ. ದಾಟಲು ಬಿದಿರಿನ ಒಂಟಿ ಸೇತುವೆಗಳು, ನಮ್ಮ ಮಲೆನಾಡಿನ ಕಾಲುಸಂಕದಂಥವು. ಬೀಳದಂತೆ ದಾಟಬೇಕಲ್ಲ ಎಂದು 77ರ ಮುದುಕ ಮೊದಲೇ ಅದನ್ನು ದಾಟುವ ಅಭ್ಯಾಸ ಮಾಡಿದರು. ವಯಸ್ಸಾದವರಿಗೆ ಬೀಳದಂತೆ ತೂಕ ಹಿಡಿಯುವ ಅಭ್ಯಾಸ ಬೇಕು ಎಂದು ಇವತ್ತು ವೈದ್ಯರು ಹೇಳುತ್ತಾರೆ. ಅವರಿಗೆ ಅದು ಮುಂದಿನ ಹಳ್ಳಿ ಮುಟ್ಟಲು ಬೇಕಾದ ವಿದ್ಯೆ.

1947ರ ಜನವರಿ 2ರಂದು ಹೊರಟರು. ಎರಡು ತಿಂಗಳಲ್ಲಿ 47 ಹಳ್ಳಿ, 116 ಮೈಲಿ. ಹೆಚ್ಚಿನ ದಾರಿ ಬರಿಗಾಲಲ್ಲಿ, ಚಳಿಗಾಲದ ಇಬ್ಬನಿಯ ಮೇಲೆ. ಪಾದ ಒಡೆದು ರಕ್ತ ಬಂತು. ಮೊಮ್ಮಗಳ ವರಸೆಯ ಮನು ಜೊತೆಗಿದ್ದಳು, ಪ್ರಾಧ್ಯಾಪಕ ನಿರ್ಮಲ ಕುಮಾರ ಬೋಸ್ ದುಭಾಷಿಯಾಗಿದ್ದರು. ಕೆಲವು ಕಡೆ ದಾರಿಗೆ ಬೇಕೆಂದೇ ಹೊಲಸು ಸುರಿದಿರುತ್ತಿತ್ತು. ಅವರು ಎಲೆಯಿಂದ ಬಾಚಿ ಶುಚಿ ಮಾಡಿ ಮುಂದೆ ಹೋದರು. ಪ್ರತಿ ಊರಲ್ಲೂ ಹಿಂದೂ ಮನೆಗೂ ಮುಸ್ಲಿಂ ಮನೆಗೂ ಹೋಗುವುದು, ಓಡಿಹೋದವರು ಮರಳಲು ಧೈರ್ಯ ಬರುವಂತೆ ಮಾಡುವುದು ಕೆಲಸ. ಎಷ್ಟು ಫಲಿಸಿತು ಎಂಬುದನ್ನು ಇತಿಹಾಸಕಾರರು ಅಳೆಯಲಿ. ದಿನಕ್ಕೆ ಎರಡು ಮೂರು ಮೈಲಿಯ ಆ ನಡಿಗೆ ದಂಡಿಯ ಅರ್ಧ ದೂರವೂ ಅಲ್ಲ. ಆದರೆ ಆ ವಯಸ್ಸಿನಲ್ಲಿ ಪ್ರತಿ ಬೆಳಗ್ಗೆ ಏಳೂವರೆಗೆ ಅವರನ್ನು ಎಬ್ಬಿಸಿ ಹೊರಡಿಸಿದ್ದು, ಮುಂದಿನ ಊರಿನಲ್ಲಿ ಹೆದರಿ ಕೂತ ಯಾರೋ ಒಬ್ಬರು.

ಇಷ್ಟನ್ನೂ ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಡಿಗೆಯಿಂದ ಆರೋಗ್ಯ ಎಂಬುದು ಗಾಂಧೀಜಿಗೆ ಹೈಸ್ಕೂಲಿನಿಂದಲೇ ಗೊತ್ತಿತ್ತು. ಆ ತಿಳಿವಳಿಕೆ ಕೊನೆವರೆಗೂ ಜೊತೆಗಿತ್ತು. ಆದರೆ ಅವರನ್ನು ಬಾಗಿಲು ದಾಟಿಸಿದ್ದು ಪ್ರತಿ ಸಲವೂ ಬೇರೆ ಏನೋ: ಉಳಿಸಬೇಕಾದ ದುಡ್ಡು, ಎಲ್ಲರೂ ಪಾಲಿಸುವ ನಿಯಮ, ನಂಬಿ ಬಂದ ಕೂಲಿಗಳು, ಕಾಯುವ ಹಳ್ಳಿ, ಕೈ ಹಿಡಿದೆಳೆಯುವ ಮೊಮ್ಮಗ, ತೀರಿಕೊಂಡವರಿಗೆ ಇಡಬೇಕಾದ ಹೂವು. ವಯಸ್ಸು ಏರಿದಂತೆ ಕಾರಣದಲ್ಲಿ ತಮ್ಮ ಪಾಲು ಕಡಿಮೆಯಾಗಿ ಬೇರೆಯವರ ಪಾಲು ಹೆಚ್ಚಾಯಿತು. ಹಾಗೆಂದು ಎಲ್ಲ ಹಿರಿಯರೂ ಅವರಂತೆ ನಡೆಯಲಿ ಎನ್ನಲಾಗದು. ಮೊಣಕಾಲು, ಹೃದಯ, ಸಕ್ಕರೆ ಇದ್ದವರು ಎಷ್ಟು ನಡೆಯಬೇಕು ಎಂದು ವೈದ್ಯರನ್ನೇ ಕೇಳಬೇಕು. ಎಷ್ಟು ಎಂಬುದನ್ನು ವೈದ್ಯರು ಹೇಳಬಲ್ಲರು. ಯಾರಿಗಾಗಿ ಎಂಬುದನ್ನು ಮನೆಯವರೇ ಹುಡುಕಿಕೊಡಬೇಕು. ಮೊಮ್ಮಗಳ ಸ್ಕೂಲ್ ಬಸ್ಸಿಗೆ ಕಾಯುವುದಿರಲಿ, ಪೂಜೆಗೆ ಹೂವು ತರುವುದಿರಲಿ, ಕನ್ನಡ ಸಂಘದ ಲೈಬ್ರರಿಯ ಬಾಗಿಲು ತೆಗೆಯುವುದಿರಲಿ. ಅದು ನಿಜವಾದ ಕೆಲಸವಾಗಿರಬೇಕು. ಅವರು ಹೋಗದಿದ್ದರೆ ಆ ಕೆಲಸ ನಿಲ್ಲಬೇಕು. ಸುಮ್ಮನೆ ಹೊತ್ತು ಕಳೆಯಲು ಕೊಟ್ಟದ್ದನ್ನು ಅವರು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ದೆಹಲಿಯ ಕನ್ನಡಿಗರು ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿಗೆ ಹೋಗಿರುತ್ತೀರಿ. ಆಗ ಅದು ಬಿರ್ಲಾ ಭವನ. 1948ರ ಜನವರಿಯಲ್ಲಿ ಹೊತ್ತಿ ಉರಿಯುತ್ತಿದ್ದ ದೆಹಲಿಯ ಶಾಂತಿಗಾಗಿ 13ರಿಂದ 18ರವರೆಗೆ ಉಪವಾಸ ಮಾಡಿದ ಮೇಲೆ ಅವರಿಗೆ ಏಳಲೂ ಶಕ್ತಿಯಿರಲಿಲ್ಲ. ಪ್ರಾರ್ಥನಾ ಸಭೆಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಕೆಲವೇ ದಿನಗಳಲ್ಲಿ ಮತ್ತೆ ತಮ್ಮ ಕಾಲ ಮೇಲೆ ಬರತೊಡಗಿದರು. ಜನವರಿ 30ರ ಸಂಜೆ ಸರ್ದಾರ್ ಪಟೇಲರೊಂದಿಗಿನ ಮಾತು ಮುಗಿಯುವುದು ತಡವಾಯಿತು. ಪ್ರಾರ್ಥನೆಗೆ ಐದು ಗಂಟೆಯ ಹೊತ್ತು, ಅದಾಗಲೇ ಕೆಲವು ನಿಮಿಷ ಮೀರಿತ್ತು. ಕಾಯಿಸುವುದು ಅವರಿಗೆ ಆಗದ ವಿಷಯ. ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು, ಸುತ್ತು ದಾರಿ ಬಿಟ್ಟು ಹುಲ್ಲುಹಾಸಿನ ಮೇಲೆಯೇ ಬೇಗ ಬೇಗ ಹೆಜ್ಜೆ ಹಾಕಿದರು. 78ರ ವಯಸ್ಸು, ಉಪವಾಸ ಮುಗಿದು ಹನ್ನೆರಡೇ ದಿನ. ಮೆಟ್ಟಿಲು ಹತ್ತಿ ಸೇರಿದ್ದವರ ನಡುವೆ ಬಂದು ಕೈ ಮುಗಿದಾಗ ಮೂರು ಗುಂಡು ಹಾರಿದವು.

ಅವರ ಕೋಣೆಯಿಂದ ಆ ಜಾಗದವರೆಗೆ ಇಂದು ಅಲ್ಲಿ ಸಿಮೆಂಟಿನ ಹೆಜ್ಜೆಗುರುತುಗಳನ್ನು ಮಾಡಿಟ್ಟಿದ್ದಾರೆ. ಮುಂದಿನ ಸಲ ಅಪ್ಪ ಅಮ್ಮ ದೆಹಲಿಗೆ ಬಂದಾಗ ಕೆಂಪುಕೋಟೆಯ ಜೊತೆಗೆ ಅಲ್ಲಿಗೂ ಕರೆದುಕೊಂಡು ಹೋಗಿ. ಆ ಗುರುತುಗಳ ಪಕ್ಕದಲ್ಲಿ ಅವರೊಂದಿಗೆ ನಿಧಾನವಾಗಿ ನಡೆಯಿರಿ. ಎಷ್ಟು ಹೆಜ್ಜೆ ಎಂದು ಎಣಿಸುವುದು ಬೇಡ. ಜನ ಕಾಯುತ್ತಿದ್ದಾರೆ ಎಂದು ಅವಸರದಲ್ಲಿ ಹೊರಟ ಒಬ್ಬ ಹಿರಿಯರ ದಾರಿ ಅದು.